ಡೇಟಿಂಗ್ ಆಪ್ ಹಾಕ್ಕೊಳ್ಳೋ ನಮ್ಮ ಮಕ್ಕಳಿಗೆ



ಹೋದ ವಾರ ನಮ್ಮ ಹುಡುಗಿಯರ ವಾಟ್ಸಾಪ್ ಗ್ರೂಪಲ್ಲಿ ಒಬ್ಬಳು "ಅಕ್ಕಾ, ಟಿಂಡರ್ ಹಾಕ್ಕೊಳ್ಳೋದು ತಪ್ಪಾ?" ಅಂತ ಕೇಳಿ ಒಂದೇ ನಿಮಿಷಕ್ಕೆ ಆ ಮೆಸೇಜ್ ಡಿಲೀಟ್ ಮಾಡಿದಳು. ಅಷ್ಟರಲ್ಲಿ ಮೂರು ಜನ ನನ್ನ ಇನ್‌ಬಾಕ್ಸಿಗೆ ಬಂದು, "ಅವಳಿಗೆ ಏನು ಹೇಳ್ತೀರೋ ನಮಗೂ ಹೇಳಿ ಅಕ್ಕ" ಅಂದರು. ಒಬ್ಬೊಬ್ಬರಿಗೇ ಹೇಳೋ ಬದಲು ಇಲ್ಲೇ ಬರೀತಿದ್ದೀನಿ. ಪೋಸ್ಟ್ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ತಪ್ಪಲ್ಲ. ಹದಿನೆಂಟು ತುಂಬಿದೆ, ಒಂಟಿಯಾಗಿದ್ದೀರಿ, ಯಾರನ್ನೋ ಭೇಟಿಯಾಗೋ ಆಸೆ ಇದೆ ಅಂದರೆ ಹಾಕ್ಕೊಳ್ಳಿ. ನಾನು ಮದುವೆಯಾಗಿ ಹದಿನಾರು ವರ್ಷ ಆಯ್ತು, ಇದನ್ನ ಬಳಸಿದವಳಲ್ಲ. ಆದರೆ ನಾಲ್ಕೈದು ವರ್ಷದಿಂದ ಹುಡುಗರು ಹುಡುಗಿಯರು ಊಟದ ಹೊತ್ತಲ್ಲಿ ನಮ್ಮ ಆಫೀಸಿನ ಕಾಂಪೌಂಡಿಗೆ ಬಂದು, ಫೋನು ನನ್ನ ಮುಖಕ್ಕೆ ಹಿಡಿದು, "ಇದಕ್ಕೆ ಏನು ರಿಪ್ಲೈ ಮಾಡ್ಲಿ ಅಕ್ಕ" ಅಂತ ಕೇಳಿದ್ದಾರೆ. ಆ ಚಾಟುಗಳನ್ನ ನೋಡಿ ನೋಡಿ ನನಗೆ ಗೊತ್ತಾಗಿದ್ದು ಇಷ್ಟು: ಆಪ್ ಬಳಸೋದು ಹೇಗೆ ಅಂತ ಯೂಟ್ಯೂಬಲ್ಲಿ ಸಾವಿರ ವೀಡಿಯೋ ಇವೆ. ಅವುಗಳಲ್ಲಿ ಒಂದರಲ್ಲೂ "ನೀವು ಯಾವ ಕಮ್ಯುನಿಟಿ?" ಅನ್ನೋ ಮೆಸೇಜ್ ಬಂದಾಗ ಏನು ಮಾಡಬೇಕು ಅಂತ ಯಾರೂ ಹೇಳಲ್ಲ. ನಮ್ಮ ಮಕ್ಕಳಿಗೆ ಬೇಕಾಗಿರೋದು ಅದೇ.

ಮೊದಲು ನಮ್ಮ ಹಿರಿಯ ಮುಖಂಡರಿಗೆ ಎರಡು ಮಾತು. ಇದು ಮೇಲ್ಜಾತಿಯ ದುಡ್ಡಿರೋ ಮಕ್ಕಳ ಚಟ ಅಂತ ನೀವು ಭಾಷಣ ಮಾಡೋದನ್ನ ಕೇಳಿದ್ದೀನಿ. ಬಾಬಾಸಾಹೇಬರು 1916ರಲ್ಲಿ, ಕೊಲಂಬಿಯಾದಲ್ಲಿ ಓದ್ತಿರುವಾಗಲೇ, ಜಾತಿ ಉಳಿದಿರೋದೇ ತಮ್ಮೊಳಗೇ ಮದುವೆ ಮಾಡ್ಕೊಳ್ಳೋ ಕಟ್ಟುಪಾಡಿನಿಂದ ಅಂತ ಬರೆದರು. 1936ರಲ್ಲಿ ಲಾಹೋರಿನವರು ಭಾಷಣಕ್ಕೆ ಕರೆದು ಆಮೇಲೆ ಬೇಡ ಅಂದಾಗ, ಆ ಭಾಷಣವನ್ನ ತಾವೇ ಅಚ್ಚು ಹಾಕಿಸಿದರು. ಅದರಲ್ಲೂ ಅದೇ ಮಾತು: ಸಹಭೋಜನದಿಂದ ಜಾತಿ ಹೋಗಲ್ಲ, ರಕ್ತ ಬೆರೀಬೇಕು, ಅದಕ್ಕೆ ಅಡ್ಡ ನಿಂತಿರೋ ಶಾಸ್ತ್ರದ ಅಧಿಕಾರ ಬೀಳಬೇಕು. 1948ರಲ್ಲಿ ಅವರೇ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ಡಾಕ್ಟರನ್ನ ಮದುವೆಯಾದರು. ನಮ್ಮ ನೆಲದಲ್ಲೇ ನೋಡಿ, ಹನ್ನೆರಡನೇ ಶತಮಾನದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯ್ತು ಅಂತಲೇ ಕಲ್ಯಾಣ ಹೊತ್ತಿ ಉರೀತು. ಏಪ್ರಿಲ್ 14ಕ್ಕೆ ಸ್ಟೇಜ್ ಹತ್ತಿ ಇದನ್ನೆಲ್ಲ ಹೇಳ್ತೀರಿ. ಸರಿ, ಬೇರೆ ಜಾತಿಯ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡೋದಾದರೂ ಎಲ್ಲಿ? ಊರಲ್ಲಿ ನಾವಿರೋದು ಕೇರಿಯಲ್ಲಿ. ಮ್ಯಾಟ್ರಿಮೋನಿ ಸೈಟಿಗೆ ಹೋದರೆ ಜಾತಿ ಒತ್ತಿದ ಮೇಲೇ ಬಾಗಿಲು ತೆಗೆಯೋದು. ಪೇಪರಿನ ವಧುವರರ ಕಾಲಂನಲ್ಲಿ "ಜಾತಿ ಅಡ್ಡಿಯಿಲ್ಲ" ಅಂತ ಬರೆದು, ಪಕ್ಕದಲ್ಲೇ "ಎಸ್‌ಸಿ/ಎಸ್‌ಟಿ ಕ್ಷಮಿಸಿ" ಅಂತ ಹಾಕೋರನ್ನ ನಾವೆಲ್ಲ ಓದಿದ್ದೀವಿ. ಕ್ಷಮಿಸಬೇಕಂತೆ!

ಟಿಂಡರು, ಬಂಬಲ್ಲು, ಹಿಂಜ್ ಇವುಗಳಲ್ಲಿ ಜಾತಿ ಕಾಲಂ ಇಲ್ಲ. ಒಂದು ಕಾಲಂ ಕಮ್ಮಿಯಾಗಿದೆ ಅಷ್ಟೇ, ಜಾತಿ ಹೋಗಿಲ್ಲ. ಆದರೂ ಆ ಖಾಲಿ ಜಾಗದಲ್ಲಿ ಒಂದು ನಮಸ್ಕಾರ, ಒಂದು ಹರಟೆ ಸಾಧ್ಯ ಆಗುತ್ತೆ. ಅಷ್ಟಾದರೂ ನಮ್ಮ ಮಕ್ಕಳಿಗೆ ಸಿಗಲಿ ಬಿಡಿ.

ಇನ್ನು ಆಪ್ ವಿಷಯ. ಫೋನ್ ನಂಬರ್ ಕೊಡಬೇಕು, ಓಟಿಪಿ ಬರುತ್ತೆ, ಹೆಸರು ವಯಸ್ಸು ಹಾಕಬೇಕು. ಯಾವ ವಯಸ್ಸಿನವರು, ಎಷ್ಟು ಕಿಲೋಮೀಟರ್ ಒಳಗಿನವರು ಬೇಕು ಅಂತ ಆರಿಸಬೇಕು. ಆಮೇಲೆ ಒಬ್ಬೊಬ್ಬರ ಫೋಟೋ ಬರುತ್ತೆ. ಇಷ್ಟ ಆದರೆ ಬಲಕ್ಕೆ ತಳ್ಳೋದು, ಇಲ್ಲ ಅಂದರೆ ಎಡಕ್ಕೆ. ಇಬ್ಬರೂ ಬಲಕ್ಕೆ ತಳ್ಳಿದರೆ ಮ್ಯಾಚ್, ಆಗ ಮಾತ್ರ ಚಾಟ್ ತೆರೆಯುತ್ತೆ. "ನಿಮ್ಮನ್ನ ಇಷ್ಟು ಜನ ಲೈಕ್ ಮಾಡಿದ್ದಾರೆ" ಅಂತ ಮಸುಕು ಮಸುಕಾಗಿ ಫೋಟೋ ತೋರಿಸಿ ದುಡ್ಡು ಕೇಳುತ್ತೆ. ಕೊಡಬೇಡಿ. ಫ್ರೀ ಅಕೌಂಟೇ ಸಾಕು.

ಮೊದಲ ದಿನವೇ ಮಾಡಬೇಕಾದ ಒಂದು ಕೆಲಸ ಇದೆ, ಯಾರೂ ಮಾಡಲ್ಲ. ಟಿಂಡರಿನ ಸೆಟ್ಟಿಂಗ್ಸಲ್ಲಿ ಫೋನ್ ಕಾಂಟ್ಯಾಕ್ಟುಗಳನ್ನ ಬ್ಲಾಕ್ ಮಾಡೋ ಆಯ್ಕೆ ಇದೆ. ಅಣ್ಣ, ಮಾವನ ಮಗ, ಪಿಜಿ ಓನರ್, ಆಫೀಸಿನ ಸೂಪರಿಂಟೆಂಡೆಂಟ್, ಎಲ್ಲರ ನಂಬರೂ ಅಲ್ಲಿ ಹಾಕಿ. ಆ ನಂಬರಿನಿಂದ ಅವರು ಆಪಲ್ಲಿದ್ದರೆ ನೀವು ಅವರಿಗೆ ಕಾಣಲ್ಲ, ಅವರು ನಿಮಗೆ ಕಾಣಲ್ಲ. ತಾಲ್ಲೂಕು ಊರಲ್ಲಿ ಇರೋರಿಗೆ ಇದು ತುಂಬಾ ಮುಖ್ಯ. ಬೆಂಗಳೂರಲ್ಲಿ ಲಕ್ಷ ಮುಖಗಳ ನಡುವೆ ನೀವೂ ಒಬ್ಬರು. ನಮ್ಮಂಥ ಊರಲ್ಲಿ ಐದು ಕಿಲೋಮೀಟರ್ ಅಂದರೆ ಇಡೀ ಊರೇ ಬಂತು.

ಫೋಟೋದಲ್ಲಿ ಮನೆ ಮುಂಭಾಗ, ಗಾಡಿ ನಂಬರ್, ಐಡಿ ಕಾರ್ಡು ಕಾಣಬಾರದು. ಇನ್‌ಸ್ಟಾ ಜೋಡಿಸಬೇಡಿ. ಇನ್‌ಸ್ಟಾ ಸಿಕ್ಕರೆ ನಿಮ್ಮ ಅತ್ತಿಗೆಯ ತಮ್ಮ ಯಾವ ಸಂಘಟನೆಯಲ್ಲಿದ್ದಾನೆ ಅನ್ನೋವರೆಗೂ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ. ಫೋಟೋ ವೆರಿಫೈ ಅಂತ ಇರುತ್ತೆ, ಸೆಲ್ಫಿ ವೀಡಿಯೋ ಕೊಟ್ಟರೆ ನೀಲಿ ಟಿಕ್ ಬರುತ್ತೆ. ನೀವೂ ಮಾಡಿಸಿ, ಟಿಕ್ ಇಲ್ಲದವರ ಹತ್ತಿರ ಹುಷಾರಾಗಿರಿ.

ಬಯೋ ಬರೆಯೋಕೆ ಕೂತರೆ ನಮ್ಮ ಕನ್ನಡ ಮೀಡಿಯಂ ಮಕ್ಕಳ ಕೈ ನಡುಗುತ್ತೆ. ಇಂಗ್ಲಿಷಲ್ಲಿ ಏನೋ ಕಾಪಿ ಹೊಡೆದು ಹಾಕ್ತಾರೆ. ಆಮೇಲೆ ಆ ಕಡೆಯವರು ಅದೇ ಇಂಗ್ಲಿಷಲ್ಲಿ ಮಾತಾಡಿದರೆ ಗಾಬರಿ. ಕನ್ನಡದಲ್ಲೇ ಬರೀರಿ. ಯಾವ ಊಟ ಇಷ್ಟ, ಯಾವ ಸಿನಿಮಾ ಇಷ್ಟ, ಭಾನುವಾರ ಏನು ಮಾಡ್ತೀರಿ, ಮೂರು ಸಾಲು ಸಾಕು. ಬೆಂಗಳೂರಿನ ಐಲ್ ಕಂಪನಿಯವರು ಕನ್ನಡದವರಿಗೆ ಅಂತಲೇ "ನೀನೆ" ಅನ್ನೋ ಆಪ್ ಕೂಡ ತಂದಿದ್ದರು. ಅಂದಮೇಲೆ ಕನ್ನಡದಲ್ಲಿ ಮಾತಾಡೋರು ಅಲ್ಲಿ ಇದ್ದೇ ಇರ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಜಾತಿ ಕೇಳೋರು ನೇರವಾಗಿ ಕೇಳಲ್ಲ. "ಫುಲ್ ನೇಮ್ ಏನು?" ಇದು ಮೊದಲನೇದು. ಉತ್ತರ ಕರ್ನಾಟಕದ ಹುಡುಗ ಮಾದರ ಅಂತಲೋ ಚಲವಾದಿ ಅಂತಲೋ ಅಡ್ಡಹೆಸರು ಹೇಳಿದರೆ ಅಲ್ಲಿಗೆ ಮುಗೀತು. ನಮ್ಮ ಹಳೇ ಮೈಸೂರು ಕಡೆ ಇನಿಷಿಯಲ್ ಮಾತ್ರ ಇರೋದರಿಂದ ಬೇರೆ ದಾರಿ ಹಿಡೀತಾರೆ. ಊರಲ್ಲಿ ಮನೆ ಯಾವ ಬೀದಿ? ಮನೆದೇವರು ಯಾವುದು? ವೆಜ್ಜಾ ನಾನ್‌ವೆಜ್ಜಾ? ನಾನ್‌ವೆಜ್ ಅಂದರೆ, ಎಲ್ಲಾ ತಿಂತೀರಾ? ಸರ್ಕಾರಿ ಕೆಲಸ ಅಂದ ತಕ್ಷಣ, ಯಾವ ಕೋಟಾ? ಒಬ್ಬ ಹುಡುಗಿಗೆ ಒಬ್ಬ "ನಿಮ್ಮ ಪಿಯುಸಿ ಪರ್ಸೆಂಟೇಜ್ ಎಷ್ಟಿತ್ತು, ಸೀಟು ಯಾವುದರಲ್ಲಿ ಸಿಕ್ತು" ಅಂತ ಕೇಳಿದ್ದ. ಪ್ರೀತಿ ಮಾಡಕ್ಕೆ ಬಂದವನು ಕೌನ್ಸೆಲಿಂಗಿಗೆ ಕೂತಿದ್ದ!

ಇದಕ್ಕೆ ನಮ್ಮ ಮಕ್ಕಳು ಮಾಡೋದು ಎರಡೇ. ಒಂದು, ಸುಳ್ಳು ಹೇಳೋದು: ಗೌಡ ಅಂತ ಸೇರಿಸ್ಕೊಳ್ಳೋದು, ಇಲ್ಲವೇ "ಜಾತಿ ಗೀತಿ ನಂಬಲ್ಲ" ಅಂತ ಮಾತು ತೇಲಿಸೋದು. ಇನ್ನೊಂದು, ಭಯಪಟ್ಟು ಅನ್‌ಮ್ಯಾಚ್ ಮಾಡಿ ಎರಡು ದಿನ ಊಟ ಬಿಡೋದು. ಎರಡೂ ಬೇಡ.

ನನ್ನ ಅಭಿಪ್ರಾಯ ಇದು, ಒಪ್ಪದಿದ್ದರೆ ಕಾಮೆಂಟಲ್ಲಿ ಜಗಳಕ್ಕೆ ಬನ್ನಿ: ಜಾತಿಯನ್ನ ನೀವೇ ಹೇಳಿ, ಬೇಗ ಹೇಳಿ. ಮೊದಲ ಭೇಟಿಗೂ ಮುಂಚೆ, ಮನಸ್ಸು ಪೂರ್ತಿ ಹೋಗೋಕೂ ಮುಂಚೆ. ತಪ್ಪೊಪ್ಪಿಗೆ ಥರ "ನಿಮಗೊಂದು ವಿಷಯ ಹೇಳಬೇಕು" ಅಂತ ಶುರು ಮಾಡಬೇಡಿ. ನೀವೇನು ಕೊಲೆ ಮಾಡಿ ಬಂದಿದ್ದೀರಾ? "ನಮ್ಮದು ಮಾದಿಗರ ಮನೆ. ನಮ್ಮಪ್ಪ ತಮಟೆ ಬಾರಿಸ್ತಿದ್ದರು, ನಾನು ಎಂ.ಕಾಂ. ನಿಮ್ಮನೇಲಿ ಇದಕ್ಕೆ ಏನಂತಾರೆ?" ಅಷ್ಟೇ. ಪ್ರಶ್ನೆ ಅವರ ಕಡೆ ತಿರುಗಬೇಕು. ಪರೀಕ್ಷೆ ಬರೆಯೋರು ಅವರು, ನೀವಲ್ಲ.

ಬಯೋದಲ್ಲೇ "ಜೈಭೀಮ್" ಅಂತ ಹಾಕಲಾ ಅಂತ ಕೇಳೋರಿದ್ದಾರೆ. ಬೆಂಗಳೂರು, ಪುಣೆ, ಹೈದರಾಬಾದಲ್ಲಿದ್ದರೆ ಧಾರಾಳವಾಗಿ ಹಾಕಿ. ಮ್ಯಾಚು ಕಮ್ಮಿಯಾಗುತ್ತೆ, ಆದರೆ ಜರಡಿ ಹಿಡಿಯೋ ಕೆಲಸ ನಿಮಗೆ ತಪ್ಪುತ್ತೆ. ಸಣ್ಣ ಊರಲ್ಲಿ ಒಂಟಿಯಾಗಿ ರೂಮು ಮಾಡ್ಕೊಂಡಿರೋ ಹುಡುಗಿಯಾದರೆ ಪ್ರೊಫೈಲಲ್ಲಿ ಬೇಡ, ಚಾಟಲ್ಲಿ ಹೇಳಿ. ಅದು ಹೆದರಿಕೆಯಲ್ಲ, ಊರು ನೋಡಿ ಹೆಜ್ಜೆ ಇಡೋದು.

ಹೇಳಿದ ಮೇಲೆ ಕೆಲವರು ಮಾಯ ಆಗ್ತಾರೆ. ಹೋಗಲಿ. ಕೆಲವರು ಬೈತಾರೆ. ಬೈದರೆ ಅನ್‌ಮ್ಯಾಚ್ ಮಾಡೋಕೂ ಮುಂಚೆ ಸ್ಕ್ರೀನ್‌ಶಾಟ್ ತೆಗೀರಿ, ಅನ್‌ಮ್ಯಾಚ್ ಆದ ಮೇಲೆ ಚಾಟ್ ನಿಮ್ಮ ಕಣ್ಣಿಗೆ ಸಿಗಲ್ಲ. ಅವನ ಪ್ರೊಫೈಲ್, ಹೆಸರು, ದಿನಾಂಕ ಎಲ್ಲ ಬರಲಿ.

ಕೆಲವರು ಮಾತ್ರ "ಅಯ್ಯೋ, ನನಗೆ ಜಾತಿ ಎಲ್ಲ ಲೆಕ್ಕಕ್ಕಿಲ್ಲ" ಅಂತಾರೆ. ಅವರ ಬಗ್ಗೆಯೇ ನನಗೆ ಹೆಚ್ಚು ಭಯ. ಎಲ್ಲರೂ ಕಳ್ಳರಲ್ಲ, ನಿಜ. ಆದರೆ ಸುತ್ತಾಡೋಕೆ ಲೆಕ್ಕಕ್ಕಿಲ್ಲದ ಜಾತಿ ತಾಳಿ ಕಟ್ಟೋ ಹೊತ್ತಿಗೆ ಲೆಕ್ಕಕ್ಕೆ ಬರುತ್ತೆ. ಎರಡು ವರ್ಷ, ಮೂರು ವರ್ಷ ಆದಮೇಲೆ "ಅಮ್ಮ ವಿಷ ಕುಡೀತೀನಿ ಅಂತಾರೆ ಕಣೇ." ಈ ವಾಕ್ಯ ಎಷ್ಟು ಹುಡುಗಿಯರ ಬಾಯಲ್ಲಿ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಅವನು ಅಷ್ಟು ದಿನವೂ ನಿಮ್ಮನ್ನ ಎಲ್ಲಿಟ್ಟಿದ್ದ ನೋಡಿ. ಒಬ್ಬ ಸ್ನೇಹಿತನಿಗೂ ಪರಿಚಯಿಸಿಲ್ಲ. ಸ್ಟೇಟಸ್ಸಲ್ಲಿ ನಿಮ್ಮ ಬೆರಳ ತುದಿಯೂ ಕಂಡಿಲ್ಲ. ಅವನ ಫೋನಲ್ಲಿ ನೀವು "ಸುರೇಶ್ ಆಫೀಸ್." ಗುಟ್ಟು ಕೆಲವು ಸಲ ಸುರಕ್ಷತೆಗೆ ಬೇಕಾಗುತ್ತೆ, ಒಪ್ತೀನಿ. ಆದರೆ ಆ ಗುಟ್ಟಿನಿಂದ ಯಾರು ಸುರಕ್ಷಿತವಾಗಿದ್ದಾರೆ, ನೀವಾ ಅವನಾ ಅಂತ ಕೇಳ್ಕೊಳ್ಳಿ.

ಕಾನೂನು ಕಾಪಾಡುತ್ತೆ ಅಂತ ಪೂರ್ತಿ ನಂಬಿ ಕೂರಬೇಡಿ. 2019ರಲ್ಲಿ ಸುಪ್ರೀಂ ಕೋರ್ಟಿಗೆ ಮಹಾರಾಷ್ಟ್ರದಿಂದ ಒಂದು ಕೇಸ್ ಬಂತು. ಇಬ್ಬರೂ ಸರ್ಕಾರಿ ಅಧಿಕಾರಿಗಳು, ಅವಳು ಪರಿಶಿಷ್ಟ ಜಾತಿ. ವರ್ಷಗಟ್ಟಲೆ ಸಂಬಂಧ ಇತ್ತು, ಮದುವೆ ಮಾತೂ ಆಗಿತ್ತು. ಜಾತಿಯ ತಕರಾರು ತೆಗೆದು ಅವನು ಬೇರೆಯವಳನ್ನ ಮದುವೆಯಾದ. ಅವಳು ದೂರು ಕೊಟ್ಟಳು. ಕೋರ್ಟು ಎಫ್‌ಐಆರ್ ರದ್ದು ಮಾಡ್ತು. ಮಾತು ಕೊಟ್ಟು ತಪ್ಪೋದು ಬೇರೆ, ಮೊದಲ ದಿನದಿಂದಲೇ ಮದುವೆಯಾಗೋ ಉದ್ದೇಶ ಇಲ್ಲದೆ ಸುಳ್ಳು ಮಾತು ಕೊಡೋದು ಬೇರೆ, ಎರಡನೇದಿದ್ದರೆ ಮಾತ್ರ ಅಪರಾಧ ಅಂತು. ಅವನು ವಾಟ್ಸಾಪಲ್ಲಿ ಕಳಿಸಿದ ಜಾತಿ ನಿಂದನೆಯ ಮೆಸೇಜುಗಳು ಸಾರ್ವಜನಿಕರ ಕಣ್ಣೆದುರು ಆದದ್ದಲ್ಲ, ಹಾಗಾಗಿ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸಲ್ಲ ಅಂತು. ಈಗ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ ಬಂದಿದೆ, ಮದುವೆಯ ಸುಳ್ಳು ಭರವಸೆಗೆ ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಅಲ್ಲೂ ಉದ್ದೇಶ ಸಾಬೀತು ಮಾಡೋದು ನಿಮ್ಮ ಕಡೆಯಿಂದಲೇ ಆಗಬೇಕು. ಚಾಟಲ್ಲಿ ಮುಚ್ಚಿದ ಬಾಗಿಲೊಳಗೆ ಬೈಯಿಸಿಕೊಂಡಿದ್ದು ಕೋರ್ಟಲ್ಲಿ ತೂಗಲ್ಲ ಅನ್ನೋದು ನನಗೆ ಇವತ್ತಿಗೂ ನುಂಗಕ್ಕಾಗದ ಮಾತು. ಅದಕ್ಕೇ ಬೇಗ ಹೇಳಿ, ಬೇಗ ನೋಡಿ ಅನ್ನೋದು. ಮೂರನೇ ವರ್ಷದಲ್ಲಿ ಗೊತ್ತಾಗೋದನ್ನ ಮೂರನೇ ವಾರದಲ್ಲೇ ತಿಳ್ಕೊಳ್ಳಿ.

ನಮ್ಮ ಹುಡುಗರಿಗೂ ಹೇಳಬೇಕು. ಮ್ಯಾಚ್ ಆದ ಹುಡುಗಿ "ಇಷ್ಟ ಇಲ್ಲ" ಅಂದರೆ ಅದು ಜಾತಿಗೇ ಅಂತ ತೀರ್ಮಾನ ಮಾಡಿ ಬೈಯೋದು ಬೇಡ. ಕೆಲವು ಸಲ ಜಾತಿಗೆ ಇರುತ್ತೆ, ಕೆಲವು ಸಲ ನೀವು ಬೆಳಿಗ್ಗೆ ಆರಕ್ಕೆ "ಊಟ ಆಯ್ತಾ" ಅಂತ ಕಳಿಸಿದ್ದಕ್ಕೂ ಇರುತ್ತೆ. ಅದೇ ರೀತಿ ಮೇಲ್ಜಾತಿ ಹುಡುಗಿಯನ್ನ ಗೆದ್ದೆ ಅನ್ನೋ ಥರ ಫ್ರೆಂಡ್ಸ್ ಮುಂದೆ ಸ್ಕ್ರೀನ್‌ಶಾಟ್ ತೋರಿಸೋನು ನನ್ನ ಹತ್ತಿರ ಜೈಭೀಮ್ ಅನ್ನಬೇಡ.

ಭೇಟಿ. ಹಗಲು ಹೊತ್ತು, ಜನ ಇರೋ ಜಾಗ, ಜಾಗ ನೀವು ಆರಿಸಿದ್ದಾಗಿರಲಿ. ದೆಹಲಿ, ಮುಂಬೈ, ಹೈದರಾಬಾದ್ ಕಡೆ ಹುಡುಗರನ್ನ ಒಂದು ಗೊತ್ತಾದ ಪಬ್ಬಿಗೆ ಕರೆಸಿ, ಸಾವಿರಗಟ್ಟಲೆ ಬಿಲ್ ಮಾಡಿಸಿ, ಹುಡುಗಿ ಎದ್ದು ಹೋಗೋ ದಂಧೆಯನ್ನ ಪೊಲೀಸರೇ ಹಿಡಿದಿದ್ದಾರೆ. ಒಬ್ಬ ಸ್ನೇಹಿತೆಗೆ ಲೈವ್ ಲೊಕೇಶನ್ ಕೊಟ್ಟಿರಿ. ನಿಮ್ಮ ಗಾಡಿಯಲ್ಲೋ ಬಸ್ಸಲ್ಲೋ ಹೋಗಿ, ಹಾಗೇ ವಾಪಸ್ ಬನ್ನಿ. ನಿಮ್ಮ ಬಿಲ್ ನೀವೇ ಕೊಡಿ. ಊಟ ನಿಮಗೆ ಬೇಕಾದ್ದನ್ನೇ ತರಿಸಿ, ಎದುರಿಗಿರೋರ ಮುಖ ನೋಡಿ ಪನೀರ್ ಹೇಳಬೇಡಿ. ವೀಡಿಯೋ ಕಾಲಲ್ಲಿ ಬಟ್ಟೆ ಬಿಚ್ಚು ಅನ್ನೋರು, ಫೋಟೋ ಇಟ್ಕೊಂಡು ದುಡ್ಡು ಕೇಳೋರು ಸಿಕ್ಕರೆ ಒಂದು ರೂಪಾಯೀನೂ ಹಾಕಬೇಡಿ. ಹಾಕಿದರೆ ಮತ್ತೆ ಕೇಳ್ತಾರೆ. 1930ಕ್ಕೆ ಫೋನ್ ಮಾಡಿ, ಅದು ಸೈಬರ್ ಸಹಾಯವಾಣಿ. ಗ್ರೈಂಡರ್ ಬಳಸೋ ನಮ್ಮ ಹುಡುಗರಿಗೆ ಈ ಬ್ಲ್ಯಾಕ್‌ಮೇಲ್ ಕಾಟ ಇನ್ನೂ ಜಾಸ್ತಿ, ಮನೆಯವರಿಗೆ ಹೇಳ್ತೀನಿ ಅಂತಲೇ ಹೆದರಿಸ್ತಾರೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ನೀವು ಅಪರಾಧಿಗಳಲ್ಲ, ಹೆದರಿಸೋನು ಅಪರಾಧಿ. ಸಂಘಟನೆಯಲ್ಲಿ ಯಾರಿಗೂ ಹೇಳಕ್ಕೆ ಆಗದಿದ್ದರೆ ನನಗೆ ಹೇಳಿ.

ಕೆಲವರದ್ದು ಮದುವೆವರೆಗೂ ಹೋಗುತ್ತೆ. ಅವರಿಗೆ ಗುಮಾಸ್ತಿಯಾಗಿ ಒಂದು ಮಾತು. ವಿಶೇಷ ವಿವಾಹ ಕಾಯ್ದೆ, 1954ರದ್ದು, ಅದರಡಿ ಅರ್ಜಿ ಹಾಕಿದರೆ 30 ದಿನದ ನೋಟಿಸ್ ಇರುತ್ತೆ. ನಿಮ್ಮ ಹೆಸರು, ವಿಳಾಸ ಕಚೇರಿಯ ಬೋರ್ಡಿಗೆ ಬರುತ್ತೆ. ಆ ಬೋರ್ಡನ್ನ ಓದೋಕೇ ಬರೋ ಜನ ಇದ್ದಾರೆ. ಇಬ್ಬರ ಧರ್ಮ ಬೇರೆಯಾದರೆ, ಮತಾಂತರ ಬೇಡ ಅಂದರೆ, ಸಾಮಾನ್ಯವಾಗಿ ಹಿಡಿಯೋದು ಈ ದಾರಿಯನ್ನೇ. ಆದರೆ ಇಬ್ಬರೂ ಹಿಂದೂ, ಬೌದ್ಧ, ಜೈನ, ಸಿಖ್ ಒಳಗಿನವರಾದರೆ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗಿ ನೋಂದಣಿ ಮಾಡಿಸಬಹುದು, ಅದಕ್ಕೆ 30 ದಿನದ ನೋಟಿಸ್ ಇಲ್ಲ. ಬರೀ ಸಹಿ ಸಾಲದು, ಮದುವೆ ವಿಧಿ ನಡೆದಿರಬೇಕು, ಫೋಟೋ ಸಾಕ್ಷಿ ಇಟ್ಕೊಳ್ಳಿ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಸಮಾಜ ಕಲ್ಯಾಣ ಇಲಾಖೆಯಿಂದ ಪ್ರೋತ್ಸಾಹ ಧನ ಇದೆ: ಪರಿಶಿಷ್ಟ ಜಾತಿಯ ಹುಡುಗ ಬೇರೆ ಜಾತಿಯ ಹುಡುಗಿಯನ್ನ ಮದುವೆಯಾದರೆ 2.5 ಲಕ್ಷ, ನಮ್ಮ ಹುಡುಗಿ ಬೇರೆ ಜಾತಿಯವನನ್ನ ಮದುವೆಯಾದರೆ 3 ಲಕ್ಷ. ಪರಿಶಿಷ್ಟ ಜಾತಿಯೊಳಗೇ ಒಳಪಂಗಡ ಮೀರಿ ಮದುವೆಯಾದವರಿಗೆ 2 ಲಕ್ಷ. ಆದಾಯ ಮಿತಿ, ಅರ್ಜಿ ಗಡುವು ಎಲ್ಲ ಇವೆ, ಮದುವೆಯಾದ ವಾರದಲ್ಲೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಒಳಪಂಗಡ ಅಂದೆನಲ್ಲ. ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ 2019ರಲ್ಲಿ ಒಂದು ಜೋಡಿಯನ್ನ ಕೊಂದರು. ಅವನು ಮಾದರ, ಅವಳು ಲಂಬಾಣಿ. ಇಬ್ಬರೂ ಪರಿಶಿಷ್ಟ ಜಾತಿ ಪಟ್ಟಿಯವರೇ. ಮದುವೆಯಾಗಿ, ಮಕ್ಕಳಾಗಿ, ಬೇರೆ ಊರಲ್ಲಿ ದುಡಿದು ತಿಂದುಕೊಂಡಿದ್ದವರು ಹಬ್ಬಕ್ಕೆ ಊರಿಗೆ ಬಂದಾಗ ಹುಡುಗಿ ಕಡೆಯವರೇ ಕೊಂದರು. 2025ರ ಜನವರಿಯಲ್ಲಿ ಗದಗ ಕೋರ್ಟು ನಾಲ್ವರಿಗೆ ಮರಣದಂಡನೆ ಕೊಟ್ಟಿತು. ಆ ಮಕ್ಕಳಿಗೆ ಅಪ್ಪ ಅಮ್ಮ ವಾಪಸ್ ಬರಲ್ಲ. ತೆಲಂಗಾಣದ ಮಿರ್ಯಾಲಗೂಡದಲ್ಲಿ 2018ರಲ್ಲಿ ಗರ್ಭಿಣಿ ಹೆಂಡತಿಯನ್ನ ಆಸ್ಪತ್ರೆಗೆ ತೋರಿಸಿ ಹೊರಗೆ ಬರ್ತಿದ್ದ ನಮ್ಮ ಹುಡುಗನನ್ನ ಅವಳ ಕಣ್ಣೆದುರೇ ಕಡಿದರು, ಕಡಿಸಿದ್ದು ಅವಳ ಅಪ್ಪ. ಹೆದರಿಸೋಕೆ ಬರೀತಿಲ್ಲ. "ಈಗ ಕಾಲ ಬದಲಾಗಿದೆ, ಮಗು ಆದಮೇಲೆ ಸರಿಹೋಗ್ತಾರೆ" ಅಂತ ನಂಬಿ ಊರಿಗೆ ಹೋಗಬೇಡಿ ಅನ್ನೋಕೆ ಬರೀತಿದ್ದೀನಿ. ಮದುವೆಗೂ ಮುಂಚೆ ಜಿಲ್ಲಾ ಎಸ್‌ಪಿಗೆ ರಕ್ಷಣೆ ಕೇಳಿ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಹಾಕಿಸ್ಕೊಳ್ಳಿ. 2018ರಲ್ಲಿ ಸುಪ್ರೀಂ ಕೋರ್ಟು ಇಂಥ ಜೋಡಿಗಳಿಗೆ ಜಿಲ್ಲೆಯಲ್ಲಿ ವಿಶೇಷ ಘಟಕ, ಸುರಕ್ಷಿತ ಮನೆ ಇರಬೇಕು ಅಂತ ಹೇಳಿದೆ. ಆ ತೀರ್ಪಿನ ಹೆಸರು ಶಕ್ತಿ ವಾಹಿನಿ, ಅರ್ಜಿಯಲ್ಲಿ ಅದನ್ನ ಬರೀರಿ. ತುರ್ತಿಗೆ 112.

ಕೊನೆಗೆ ಮತ್ತೆ ಹಿರಿಯರ ಕಡೆಗೇ ಬರ್ತೀನಿ, ಕೋಪ ಮಾಡ್ಕೊಂಡರೂ ಪರವಾಗಿಲ್ಲ. ಒಳಮೀಸಲಾತಿ ಗಲಾಟೆಯಾದ ಮೇಲಂತೂ ಎಡಗೈ ಬಲಗೈ ಒಂದೇ ವೇದಿಕೆಯಲ್ಲಿ ಕೂರೋದೇ ಕಷ್ಟ ಆಗಿದೆ. ನಿಮ್ಮ ಮನೆ ಮಕ್ಕಳಿಗೆ ಸಂಬಂಧ ನೋಡುವಾಗ ಬ್ರಾಹ್ಮಣರು ಬೇಡ ಬಿಡಿ, ಹೊಲೆಯರ ಹುಡುಗನಿಗೆ ಮಾದಿಗರ ಹುಡುಗಿ ನೋಡಿದ್ದೀರಾ? ನಿಮ್ಮ ಮಗಳು ಆಪಲ್ಲಿ ಅಂಥ ಒಬ್ಬನನ್ನ ಹುಡುಕಿ ಮನೆಗೆ ಕರ್ಕೊಂಡು ಬಂದರೆ ಟೀ ಕೊಡ್ತೀರಾ? ಆ ಹುಡುಗಿ ಗ್ರೂಪಲ್ಲಿ ಮೆಸೇಜ್ ಡಿಲೀಟ್ ಮಾಡಿದ್ದು ಮೇಲ್ಜಾತಿಯವರಿಗೆ ಹೆದರಿ ಅಲ್ಲ. ಆ ಗ್ರೂಪಲ್ಲಿ ಇರೋರೆಲ್ಲ ನಮ್ಮವರೇ.

ಅನುಮಾನ ಇದ್ದರೆ ಕಾಮೆಂಟಲ್ಲಿ ಕೇಳಿ, ಹೆಸರು ಹೇಳಕ್ಕೆ ಇಷ್ಟ ಇಲ್ಲದವರು ಇನ್‌ಬಾಕ್ಸ್ ಮಾಡಿ. ಆಫೀಸಿನ ಟೈಮಲ್ಲಿ ರಿಪ್ಲೈ ಮಾಡಲ್ಲ, ಸಂಜೆ ಆರರ ಮೇಲೆ ನೋಡ್ತೀನಿ. ಯಾರದ್ದಾದರೂ ಫೋಟೋ ಕಳಿಸಿ "ಇವನು ಯಾವ ಜಾತಿ ಇರಬಹುದು ನೋಡಕ್ಕ" ಅಂತ ಮಾತ್ರ ಕೇಳಬೇಡಿ. ಹೋದ ತಿಂಗಳು ಇಬ್ಬರು ಕೇಳಿದ್ದಾರೆ.

ಜೈಭೀಮ್.